ಹೊಟ್ಟೆಯ ಮೇಲೊಂದು ಬಾಗಿಲು

ವಾಡಿ ಸ್ಟೇಷನ್ನಿನಲ್ಲಿ ಅತ್ತೆ ಆ ಮಾತು ಆಡಿದಳೋ ಇಲ್ಲವೋ, ನಾನು ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದವನು ನಾನು; ಯಾರು ಏನೇ ಹೇಳಿದರೂ ಪುರಾವೆ ಕೇಳುವ ಚಟ. ಇಲ್ಲಿ ಪುರಾವೆ ಕೇಳಬೇಕಾಗಿರುವುದು ನನ್ನ ನೆನಪನ್ನೇ. ಎಪ್ಪತ್ತರ ದಶಕದ ಯಾವ ವರ್ಷ, ಯಾವ ಕಾಲ ಅದು ಎಂಬುದರಲ್ಲೂ ನನಗೂ ಅಣ್ಣನಿಗೂ ಒಮ್ಮತವಿಲ್ಲ. ಅವನು ಚಳಿಗಾಲ ಅನ್ನುತ್ತಾನೆ. ನನಗಾದರೋ ಪಡಸಾಲೆಯ ಶಹಾಬಾದ್ ಕಲ್ಲು ಅಂಗಾಲು ಸುಡುತ್ತಿದ್ದದ್ದು ನೆನಪಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸೇಡಂಗೆ, ತಮ್ಮನ ಮನೆಗೆ ಬಂದವಳು. ನಮ್ಮದು ವೈಷ್ಣವರ ಮನೆ. ಕೆಂಪು ಸೀರೆಯ ಮಡಿ ಹೆಂಗಸಾದ ಅವಳದೇ ದೇವರ ನೈವೇದ್ಯದ ಅಡಿಗೆ. ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು ಅವಳು ಒಲೆಯ ಮುಂದೆ ಕೂತಳೆಂದರೆ, ಹೈಸ್ಕೂಲಿನಲ್ಲಿ ಹುಡುಗರನ್ನು ನಡುಗಿಸುತ್ತಿದ್ದ ಅಪ್ಪನೂ ಹೊಸ್ತಿಲಾಚೆ ನಿಂತು ಮಾತಾಡಬೇಕು. ಆ ಅಡಿಗೆಮನೆ ಬಿಟ್ಟರೆ ತನ್ನದು ಅನ್ನುವಂಥದ್ದು ಅವಳಿಗೆ ಏನೂ ಇರಲಿಲ್ಲ.

ಬಹಳ ದಿನಗಳಿಂದ ಹೊಟ್ಟೆ ಸರಿಯಿರಲಿಲ್ಲವಂತೆ, ಯಾರಿಗೂ ಹೇಳಿರಲಿಲ್ಲ. ಕೊನೆಗೆ ಪೂರ್ತಿ ಕಟ್ಟಿಕೊಂಡಿತು. ಮಲವಿಲ್ಲ, ವಾಯುವೂ ಇಲ್ಲ. ಹೊಟ್ಟೆ ಉಬ್ಬಿ ಬಿಗಿಯಾಯಿತು. ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಔಷಧ ಒಂದೇ, ಬಿಸಿ ಚಹಾದಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಅಪ್ಪ ಕುಡಿಸಿದರು. ಫಲ ಕಾಣದೆ ಮತ್ತೆ ಕುಡಿಸಿದರು. ಅತ್ತೆ ಗೋಡೆಗೆ ಕೈಯೂರಿ ನಿಂತು ನರಳಿದಳು, ಹಸಿರು ವಾಂತಿಯಾಯಿತು.

ಬಸ್ ನಿಲ್ದಾಣದ ಹತ್ತಿರ ದವಾಖಾನೆ ಇಟ್ಟಿದ್ದ ಡಾಕ್ಟರು, ಅಪ್ಪನ ಗೆಳೆಯರು, ಬಂದು ಹೊಟ್ಟೆ ಒತ್ತಿ ನೋಡಿದರು.

“ಏನ್ ಕೊಟ್ಟೀರಿ ಮಾಸ್ತರ್ ಸಾಬ್?”

“ಔಡಲೆಣ್ಣಿ.”

“ಯಾ ಅಲ್ಲಾ! ಮುಂದ ದಾರಿ ಬಿಲ್ಕುಲ್ ಬಂದ್ ಅದ, ನೀವು ಹಿಂದಿಂದ ದಬ್ಬಲಿಕತ್ತೀರಿ. ಕರುಳು ಹರೀತದ. ಇನ್ಮ್ಯಾಲ ಗುಟುಕು ನೀರೂ ಬ್ಯಾಡ. ಈಗಿಂದೀಗ ಗುಲಬರ್ಗಾಕ್ಕ ಒಯ್ರಿ.”

ಬಸ್ಸಿನ ಕುಲುಕಾಟ ತಡೆಯಲಾರಳೆಂದು ರೈಲಿನಲ್ಲಿ ಹೊರಟೆವು. ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾಯಬೇಕು. ಸಿಮೆಂಟಿನ ಧೂಳು ಕೂತ ಬೆಂಚಿನ ಮೇಲೆ ಅತ್ತೆಯನ್ನು ಒರಗಿಸಿದ್ದೆವು. ಅಪ್ಪ ಅವಳ ಕಡೆ ಬಾಗಿ ಮೆಲ್ಲಗೆ ಅಂದರು, “ಅಕ್ಕಾ, ಈ ವಯಸ್ಸಿನಾಗ ಕೊಯ್ಸಿಕೊಳ್ಳೋದು ಬ್ಯಾಡ ಅನಸ್ತದ. ದೇವರ ಮ್ಯಾಲ ಭಾರ ಹಾಕೋಣ.”

“ದೇವರಿಗ್ಯಾಕ ತ್ರಾಸು ಕೊಡ್ತಿ? ನಿನ್ನ ಔಡಲೆಣ್ಣಿ ತಡಕೊಂಡೀನಿ, ಡಾಕ್ಟರ ಚಾಕು ತಡಕೊಳ್ಳಲಾರೆನೇನು?”

ನಾನು ಆಣೆ ಮಾಡಲಾರೆ ಎಂದದ್ದು ಈ ಮಾತನ್ನೇ. ಅದನ್ನು ಮನೆಯಲ್ಲೇ ಆಡಿದಳು ಎಂದು ಅಣ್ಣನ ವಾದ.

ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಯ ನೀರು ತೆಗೆದರು, ಕೈಗೆ ಸಲೈನ್ ಹಚ್ಚಿದರು. ಮೈಸೂರು ಕಡೆಯ ಸರ್ಜನ್ನರು ಮುಚ್ಚುಮರೆಯಿಲ್ಲದೆ ಹೇಳಿದರು: “ದೊಡ್ಡ ಕರುಳಿನ ತುದಿಯಲ್ಲಿ ಗಂಟಿದೆ. ಕ್ಯಾನ್ಸರ್ ಇರಬೇಕು. ಮೊದಲು ಕಟ್ಟಿಕೊಂಡಿರುವುದನ್ನು ಬಿಡಿಸೋಣ. ಕರುಳನ್ನು ಹೊಟ್ಟೆಯ ಎಡಗಡೆಗೆ ತಂದು ಬಾಯಿ ತೆರೆದಿಡುತ್ತೇವೆ. ಇನ್ನು ಮುಂದೆ ಮಲ ಅಲ್ಲಿಂದಲೇ. ಚೇತರಿಸಿಕೊಂಡ ಮೇಲೆ ಗಂಟು ತೆಗೆಯೋಣ.”

ಅಪ್ಪ ಕೇಳಿದರು, “ಆಮ್ಯಾಲ ಅಡಿಗಿಮನಿಗೆ ಹ್ಯಾಂಗ ಬರ್ತಾಳ್ರೀ?”

ಸರ್ಜನ್ನರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅತ್ತೆಗೆ ಆಯಿತು.

“ಮೊದಲು ಜೀವ ಉಳೀಲಿ. ಅಡಿಗಿಮನಿ ಜಗಳ ಮನಿಗೆ ಹೋಗಿ ಆಡೋಣು. ನೀವು ಕೊಯ್ರಿ ಡಾಕ್ಟರ.”

ಎರಡು ಆಪರೇಷನ್ ಆದವು. ಗಂಟು ಬಹಳ ಕೆಳಗಿದ್ದದ್ದರಿಂದ ಹೊಟ್ಟೆಯ ಬಾಯಿ ಶಾಶ್ವತವಾಯಿತು. ಅಲ್ಲಿನ ನರ್ಸಮ್ಮ ಒಂದು ಪದ್ಧತಿ ಕಲಿಸಿದರು: ದಿನಾ ಮುಂಜಾನೆ ಎನಿಮಾ ಡಬ್ಬಿಯನ್ನು ಗೂಟಕ್ಕೆ ತೂಗುಹಾಕಿ, ಉಗುರುಬೆಚ್ಚಗಿನ ನೀರನ್ನು ಆ ಬಾಯಿಯಿಂದ ಒಳಗೆ ಬಿಟ್ಟು, ಕರುಳು ತೊಳೆದು ಖಾಲಿಯಾಗುವವರೆಗೆ ಕೂತಿರುವುದು. ಆಮೇಲೆ ಮೇಲೊಂದು ಬಟ್ಟೆ ಕಟ್ಟುವುದು.

ಮನೆಗೆ ಬಂದಾಗ ಒಲೆ ಅಮ್ಮನ ಕೈಗೆ ಹೋಗಿತ್ತು. ಅತ್ತೆಗೆ ಪಡಸಾಲೆಯಲ್ಲಿ ಹಾಸಿಗೆ, ತಟ್ಟೆ ಅಲ್ಲಿಗೇ. ನಾನು ಅಪ್ಪನ ಜೊತೆ ಜಗಳಕ್ಕೆ ನಿಂತೆ. ಮಡಿ ಎಂಬುದೇ ಸುಳ್ಳು, ಬ್ಯಾಕ್ಟೀರಿಯಾಕ್ಕೆ ಜಾತಿಯೂ ಇಲ್ಲ ಗೋತ್ರವೂ ಇಲ್ಲ ಎಂದು ಭಾಷಣ ಬಿಗಿದೆ. ನನ್ನ ಬಾಯಿ ಮುಚ್ಚಿಸಿದವಳು ಅತ್ತೆಯೇ.

“ನಿನ್ನ ವಕಾಲತ್ತು ಬ್ಯಾಡೋ. ಮಡಿನೇ ಸುಳ್ಳು ಅಂದ್ಮ್ಯಾಲ ನಾ ಗೆದ್ದು ಏನ್ ಬಂತು?”

ಗಾಯ ಮಾಗಿದ ಮೇಲೆ ಒಂದು ಮುಂಜಾನೆ ಬಚ್ಚಲಿನಲ್ಲಿ ಡಬ್ಬಿ ತೂಗುಹಾಕಿ ಎಲ್ಲ ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು ನೇರ ಅಡಿಗೆಮನೆ ಹೊಕ್ಕಳು. ಅಮ್ಮ ಎದ್ದು ಜಾಗ ಬಿಟ್ಟಳು. ಅಪ್ಪ ಹೊಸ್ತಿಲಿಗೆ ಓಡಿ ಬಂದರು.

“ಅಕ್ಕಾ, ಇದು ಶಾಸ್ತ್ರಕ್ಕ ಒಪ್ಪೂದಿಲ್ಲ.”

“ಯಾವ ಶಾಸ್ತ್ರಕ್ಕೋ? ನೀನೂ ಮುಂಜಾನೆ ಚೊಂಬು ಹಿಡಕೊಂಡು ಹೋಗಿ ಬಂದು, ಮೈ ತೊಳಕೊಂಡು ದೇವರ ಮುಂದ ಕೂಡ್ತಿ. ನಾನೂ ಅಷ್ಟೇ ಮಾಡೀನಿ. ನಿನ್ನ ಬಾಗಿಲು ಹಿಂದದ, ನಂದು ಮುಂದದ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು.

“ನಡುವ ಏನರ ಆದ್ರ?” ಅಪ್ಪ ಬಿಡಲಿಲ್ಲ.

“ಆಗೂದಿಲ್ಲ. ನಾಳಿ ಮುಂಜಾನಿ ತನಕ ಏನೂ ಬರೂದಿಲ್ಲ.”

“ನಿನಗ ಹ್ಯಾಂಗ ಗೊತ್ತು?”

“ಹೊಟ್ಟಿ ನಂದದ. ಸಂಜಿಗೆ ಅರಿವಿ ಬಿಚ್ಚಿ ತೋರಸ್ತೀನಿ. ಧೈರ್ಯ ಇದ್ರ ನೋಡು.”

ಅಪ್ಪ ಹಸಿವಿಲ್ಲವೆಂದು ಉಣ್ಣದೆ ಶಾಲೆಗೆ ಹೋದರು. ಸಂಜೆ ಅತ್ತೆ ನಿಜವಾಗಿಯೂ ಹೊಟ್ಟೆಗೆ ಕಟ್ಟಿದ್ದ ಬಿಳಿ ಬಟ್ಟೆ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತಳು. ಇದು ನಾನು ಕಂಡದ್ದೋ, ಅಮ್ಮ ಹೇಳಿ ಹೇಳಿ ಕಣ್ಣಿಗೆ ಕಟ್ಟಿದ್ದೋ, ತಿಳಿಯದು. ಅಪ್ಪ ಬೀದಿಯ ಕಡೆ ಮುಖ ಮಾಡಿ, “ಆತು, ಆತು, ಒಳಗ ನಡಿ” ಅಂದರಂತೆ. ಮರುದಿನ ಎಲೆಯ ಮುಂದೆ ಕೂತರು. ಅದನ್ನಂತೂ ನಾನು ಕಂಡೆ. ಒಳಗಿನಿಂದ ಅತ್ತೆ ಕೇಳಿದಳು, “ಇವತ್ತು ಹಸಿವಾತೇನೋ?”

ಗಂಟು ಕೆಲವು ವರ್ಷಗಳ ನಂತರ ಯಕೃತ್ತಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಹಾಸಿಗೆ ಹಿಡಿಯುವವರೆಗೂ ಒಲೆ ಅವಳದೇ ಆಗಿತ್ತು.

ಇಷ್ಟೂ ಕಾಲ ಒಂದು ಅನುಮಾನವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕರುಳಿಗೆ ಗಡಿಯಾರವೆಲ್ಲಿಂದ ಬಂತು? ಒಲೆ ಬಿಟ್ಟುಕೊಡಬಾರದೆಂದು ಅತ್ತೆ ಸುಳ್ಳು ಹೇಳಿದಳೆಂದೇ ಎಣಿಸಿದ್ದೆ. ಆ ಸುಳ್ಳನ್ನು ಮೆಚ್ಚಿಕೊಂಡೂ ಇದ್ದೆ. ಅವಳು ಹೋಗಿ ಎಷ್ಟೋ ಕಾಲದ ಮೇಲೆ, ಪರಿಚಯದ ಸರ್ಜನ್ ಒಬ್ಬರನ್ನು ಕೇಳಿದೆ. ಅವರ ಮಾತೂ ಸಾಲದೆ ಅವರ ಪಠ್ಯಪುಸ್ತಕ ತೆಗೆಸಿ ಓದಿದೆ. ಎಡಭಾಗದಲ್ಲಿ ತೆರೆದ ದೊಡ್ಡ ಕರುಳನ್ನು ದಿನವೂ ಅದೇ ಹೊತ್ತಿಗೆ ಹೀಗೆ ನೀರಿನಿಂದ ತೊಳೆದರೆ, ಅನೇಕರಿಗೆ ಮರುದಿನ ಬೆಳಗಿನವರೆಗೆ ಏನೂ ಹೊರಬರುವುದಿಲ್ಲ.