ಕರಿ ಒಂದರ ಕೆಳಗೆ

ನಾನು ಬೇಸ್ ಕೊಂಡ ಸುದ್ದಿ ನನಗಿಂತ ಮೊದಲೇ ಯಡೂರು ಮುಟ್ಟಿತ್ತು. ಬಸ್ಸಿಳಿದು ಓಣಿ ತಿರುಗುವಷ್ಟರಲ್ಲಿ ಪಕ್ಕದ ಮನೆಯಾಕೆ ಎದುರಾಗಿ, "ಅಕ್ಕಾರ, ಗಣಪತಿಗೆ ಬಾಡಗಿ ಹೆಂಗ ಮಾಡೀರಿ?" ಎಂದು ಕೇಳಿದಳು. ಅವಳ ತಪ್ಪಿಲ್ಲ. ನಮ್ಮ ಕಡೆ ಬೇಸ್ ಎಂದರೆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಒಂದರ ಮೇಲೊಂದು ಕಟ್ಟಿ ನಿಲ್ಲಿಸಿದ ಡಿಜೆ ಪೆಟ್ಟಿಗೆ. ಮೆರವಣಿಗೆ ಮುಂದಿನ ಓಣಿಗೆ ಹೋದರೂ ಅಡುಗೆಮನೆಯ ಲೋಟಗಳು ಇನ್ನೂ ಅಲ್ಲಾಡುತ್ತಿರುತ್ತವೆ. ನಾನು ಬೆನ್ನಿಗಿದ್ದ ಉದ್ದನೆಯ ಕರಿ ಚೀಲ ತಿರುಗಿಸಿ ತೋರಿಸಿ, "ಇದಽ ನೋಡವಾ ಬೇಸ್. ಗಿಟಾರದಾಗ ಒಂದು ನಮೂನಿ," ಎಂದೆ. ಅವಳ ಮುಖ ಸಪ್ಪಗಾಯಿತು. "ಇಷ್ಟಽ?" ಎಂದಳು.

ಇಷ್ಟೇ. ನಾಲ್ಕು ದಪ್ಪ ತಂತಿ, ಉದ್ದನೆಯ ಕತ್ತು, ಕಂದು ಬಣ್ಣದ ಭಾರದ ಮೈ. ಇದಕ್ಕಾಗಿ ನಾನು ಕೇಳಿಸಿಕೊಂಡ ಮಾತುಗಳನ್ನು ಬೇರೆ ಯಾವ ಹೆಂಗಸಾದರೂ ಕೇಳಿಸಿಕೊಂಡಿದ್ದರೆ ಅದನ್ನು ಅಟ್ಟಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದಳು. ನಾನು ಕಂಡಕ್ಟರ್. ಇಪ್ಪತ್ತೆರಡು ವರ್ಷ ಚಿಕ್ಕೋಡಿ, ಕಾಗವಾಡ, ಅಥಣಿ, ನಿಪ್ಪಾಣಿ ಎಂದು ತಿರುಗುತ್ತ ದಿನಕ್ಕೆ ನೂರು ಜನರ ಬೈಗುಳ ತಿಂದವಳು. ಮಾತಿಗೆ ಹೆದರಿ ಯಾವುದನ್ನೂ ಬಿಟ್ಟವಳಲ್ಲ.

ಈ ಹುಚ್ಚು ಹತ್ತಿದ್ದು ರಾಯಬಾಗದ ಒಂದು ಮದುವೆಯಲ್ಲಿ. ಕುರ್ಚಿ ಸಿಗದೆ ಆರ್ಕೆಸ್ಟ್ರಾದ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ. ಎಲ್ಲರೂ ಹಾಡುವವಳ ಸೀರೆ ನೋಡುತ್ತಿದ್ದರು. ನನಗೆ ಮಾತ್ರ ಕೂತ ನೆಲದಿಂದ ಏನೋ ಮೇಲೆ ಬರುತ್ತಿತ್ತು. ಅದು ಹೊಸದಲ್ಲ. ಬಸ್ಸಿನ ಬಾಗಿಲ ಹತ್ತಿರ ನಿಂತಾಗ ತಗಡಿನಿಂದ ಹಿಮ್ಮಡಿಗೆ ಹತ್ತುವ ಎಂಜಿನ್ನಿನ ಗುಂಯ್ಗಾಟ ನನಗೆ ಚೆನ್ನಾಗಿ ಗೊತ್ತು. ಕಣ್ಣು ಮುಚ್ಚಿದ್ದರೂ ಡ್ರೈವರ್ ಯಾವ ಗೇರಿನಲ್ಲಿದ್ದಾನೆಂದು ಹೇಳಬಲ್ಲೆ. ಆದರೆ ಇಲ್ಲಿ ಅದೇ ಗುಂಯ್ಗಾಟ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಿತ್ತು. ಮೂಲೆಯಲ್ಲಿ ಯಾರೂ ನೋಡದ ಒಬ್ಬ ಬಡಕಲು ಮನುಷ್ಯ ಅದನ್ನು ನುಡಿಸುತ್ತಿದ್ದ. ಊಟಕ್ಕೆ ಕರೆದರೂ ನಾನು ಏಳಲಿಲ್ಲ. ನನಗೆ ಆಗ ನಲವತ್ತಾರು.

ಕೊಲ್ಲಾಪುರದ ವಾದ್ಯದ ಅಂಗಡಿಯವ ಮೊದಲು ಕೇಳಿದ್ದು, ಮಗನಿಗಾ ಎಂದು. ನನಗೇ ಎಂದೆ. ಆತ ಒಮ್ಮೆ ಮೇಲಿಂದ ಕೆಳಗೆ ನೋಡಿ, ಗುಲಾಬಿ ಬಣ್ಣದ ಮೋಟು ಗಿಟಾರೊಂದನ್ನು ಮುಂದಿಟ್ಟ. "ವಹಿನಿ, ಹೇ ಘ್ಯಾ. ಹಲ್ಕಂ ಆಹೆ." ಹಗುರ ಇದೆಯಂತೆ, ತಗೊಳ್ಳಬೇಕಂತೆ! ಮೈ ಉರಿಯಿತು. ಗೋಡೆಯ ತುತ್ತತುದಿಗೆ ತೂಗುಹಾಕಿದ್ದ ಕಂದು ಬಣ್ಣದ್ದನ್ನು ಇಳಿಸಲು ಹೇಳಿದೆ. ಅದು ಭಾರ ಎಂದ. ಚಿಲ್ಲರೆ ತುಂಬಿದ ಚೀಲ ಹೊತ್ತು ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತ ಹೆಗಲು ಇದು, ನೀನು ಇಳಿಸು ಎಂದು ಅವನ ಮರಾಠಿಯಲ್ಲೇ ಹೇಳಿದೆ.

ಅವನ ಸ್ಟೂಲಿನ ಮೇಲೆ ಒಂದು ತಾಸು ಕೂತೆ. ಕರೆಂಟಿಗೆ ಜೋಡಿಸಲು ನಾನೇ ಬಿಡಲಿಲ್ಲ. ದಪ್ಪ ತಂತಿ ಮೀಟುವುದು, ಮರ ನನ್ನ ಪಕ್ಕೆಲುಬಿಗೆ ತಾಗಿ ಎಷ್ಟು ಹೊತ್ತು ನಡುಗುತ್ತದೆಂದು ನೋಡುವುದು, ಮತ್ತೆ ಮೀಟುವುದು. ನಾಲ್ಕು ಬೇಸ್‌ಗಳನ್ನು ಹಾಗೆ ನೋಡಿದೆ. ಕಂದು ಬಣ್ಣದ್ದು ಎಲ್ಲಕ್ಕಿಂತ ಹೆಚ್ಚು ಹೊತ್ತು ನಡುಗಿತು. ಅವನೋ ತೆಳು ತಂತಿಯ ಮೇಲೆ ಹೆಬ್ಬೆರಳು ಬಡಿದು ಚಟಪಟ ಆಟ ತೋರಿಸುತ್ತಿದ್ದ. ಆಂಪ್ಲಿಫೈಯರ್ ಆರಿಸುವಾಗಲೂ ಹಾಗೇ, ಹನ್ನೆರಡು ತಿರುಗಣಿ ಇರುವುದನ್ನು ಹೊಗಳಿದ. ಮೂರೇ ತಿರುಗಣಿಯ, ಹತ್ತು ಇಂಚಿನ ಸ್ಪೀಕರಿನ ಪೆಟ್ಟಿಗೆ ಸಾಕೆಂದೆ. ಹೊಟ್ಟೆಯೊಳಗಿನ ಸದ್ದು ಬರಬೇಕು, ಬಾಕಿ ಎಲ್ಲ ಅಲಂಕಾರ.

ಬೇಸ್ ಜೊತೆ ಬಂದ ನೈಲಾನ್ ಪಟ್ಟಿ ಹೆಗಲು ಕೊಯ್ಯುತ್ತಿತ್ತು. ಟಿಕೆಟ್ ಮಷಿನ್ ಬಂದ ಮೇಲೆ ಮೂಲೆ ಸೇರಿದ್ದ ನನ್ನ ಹಳೆಯ ಚರ್ಮದ ಚೀಲದ ಪಟ್ಟಿ ಬಿಚ್ಚಿ, ಚಪ್ಪಲಿ ಹೊಲಿಯುವವರ ಹತ್ತಿರ ಎರಡು ತೂತು ಹಾಕಿಸಿದೆ. ಅದು ಹೆಗಲಿನ ಅದೇ ತಗ್ಗಿನಲ್ಲಿ ಹೋಗಿ ಕೂತಿತು. ಆ ದಿನ ನನಗಾದ ಖುಷಿಯನ್ನು ಯಾರಿಗೆ ಹೇಳಲಿ, ನನ್ನ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ. ಗಂಡನಿಗೂ ಇದನ್ನು ಹೇಳಿದ್ದೇನೆ.

ಆತ ಎಮ್ಮೆ ಕಟ್ಟಿಕೊಂಡು, ಒಂದಿಷ್ಟು ಕಬ್ಬು ಹಚ್ಚಿಕೊಂಡು ಇರುವ ಮನುಷ್ಯ. ಮುಂಜಾನೆ ಡ್ಯೂಟಿಗೆ ಮೊದಲು ನಾನು ಮೊಬೈಲ್ ನೋಡಿ ಪಾಠ ಕಲಿಯುವಾಗ ಹಾಲಿನ ಕ್ಯಾನಿನ ಮುಚ್ಚಳ ಒಂದೇ ಒಂದು ಸ್ವರಕ್ಕೆ ಗಡಗಡ ಅನ್ನುತ್ತಿತ್ತು. "ಎಮ್ಮಿ ಹಾಲ ಕೊಡೂದು ಬಿಟ್ಟೂ ಅಂದ್ರ ನಿನ್ನ ಮ್ಯಾಲ ಬರ್ತೈತಿ ನೋಡ," ಎನ್ನುತ್ತಿದ್ದ. ಎಮ್ಮೆಗಳು ಮೆಲುಕು ಹಾಕುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ತೆಲಸಂಗದ ತಂಗಿಗೆ ನುಡಿಸಿದ್ದನ್ನು ಮೊಬೈಲಿನಲ್ಲಿ ಕಳಿಸಿದರೆ, "ಅಕ್ಕಾ, ವಿಡಿಯೋ ಬಂದೈತಿ, ಆವಾಜ ಬಂದಿಲ್ಲ," ಎಂದು ಉತ್ತರ ಬರೆದಳು. ಮೊಬೈಲಿನ ಕಾಳಿನಷ್ಟು ಸ್ಪೀಕರಿನಲ್ಲಿ ಅದು ಕೇಳಿಸುವುದಿಲ್ಲ. ನೀನೇ ಬಂದು ನೆಲದ ಮೇಲೆ ಕೂಡು ಎಂದು ಬರೆದೆ.

ಇನ್ನು ನಮ್ಮ ಮಾವನವರ ವಿಷಯ. ಗಂಡನ ಚಿಕ್ಕಪ್ಪ, ನಮ್ಮ ಓಣಿಯ ಭಜನಾ ಮಂಡಳಿಯ ಹಿರಿಯರು. ಪ್ರತಿ ಸೋಮವಾರ ಸಂಜೆ ಅವರ ಪಡಸಾಲೆಯಲ್ಲಿ ಭಜನೆ. ಹಾರ್ಮೋನಿಯಂ ಅವರದೇ, ಮೊದಲ ದನಿಯೂ ಅವರದೇ. ನಾನು ಸೊಸೆಯಾಗಿ ಬಂದಾಗಿನಿಂದ ಅಲ್ಲಿ ತಾಳ ಹಾಕುತ್ತ ಬಂದವಳು. ಒಂದು ಸೋಮವಾರ ತಾಳದ ಬದಲು ಬೇಸ್ ಹೊತ್ತುಕೊಂಡು ಹೋಗಿ ಕೂತೆ. ಒಂದು ಪದ ಮುಗಿದ ಮೇಲೆ ಮಾವ ಹಾರ್ಮೋನಿಯಂ ಮುಚ್ಚಿದರು.

"ಯವ್ವಾ, ನಮ್ಮ ಸಾ ಯಾವ್ದು?"

"ಕರಿ ಒಂದು ರೀ."

ಹಾರ್ಮೋನಿಯಂ ನುಡಿಸುವವರಿಗೆ ಸ್ವರದ ಇಂಗ್ಲಿಷ್ ಹೆಸರು ಬೇಕಿಲ್ಲ. ಬಿಳಿ ಮನೆ ಏಳು, ಕರಿ ಮನೆ ಐದು, ಎಣಿಸಿ ಹೇಳಿದರೆ ಮುಗಿಯಿತು. ಮೂವತ್ತು ವರ್ಷದಿಂದ ನಮ್ಮ ಮಂಡಳಿಯ ಷಡ್ಜ ಕರಿ ಒಂದು. ಬೇರೆ ಊರಿನ ಮಂಡಳಿಯವರು ಗಂಟಲು ಹಿಡಿದು ಎರಡು ಮನೆ ಕೆಳಗಿನ ಬಿಳಿ ಏಳಕ್ಕೆ ಇಳಿದರೆ ನಮ್ಮ ಮಾವ ಮೀಸೆಯಲ್ಲೇ ನಗುತ್ತಿದ್ದರು.

"ನಿನ್ನ ದಪ್ಪ ತಂತಿ ಎಲ್ಲಿಗಿ ನಿಂದರತೈತಿ?"

"ಬಿಳಿ ಮೂರು."

"ಅಂದ್ರ ನಮ್ಮ ಸಾ ಕಿಂತ ಮೂರು ಮನಿ ಮ್ಯಾಲ. ನಾ ಸಾ ಹಿಡದ್ರ ನಿಂದು ಹಾರಿ ಮಾಳಗಿ ಮ್ಯಾಲ ಹೋಗಿ ಕುಂದರತೈತಿ. ತಳದಾಗ ಇರೂದಂತ ತಂದಿ, ತಳನಽ ಇಲ್ಲ. ಶ್ರಾವಣದ ಮೊದಲನೇ ಸೋಮಾರದೊಳಗ ತೆಳಗಿನ ಕರಿ ಒಂದು ತಂದ್ರ ಕುಂದರು. ಇಲ್ಲಂದ್ರ ತಾಳ ತಗೋ, ಇದನ್ನ ಇಲ್ಲಿ ತರಬ್ಯಾಡ."

ಜನ ನಕ್ಕರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ಅವರು ಹೇಳಿದ್ದು ಖರೆ ಇದ್ದದ್ದಕ್ಕೆ. ಮನೆಗೆ ಬಂದು ದಪ್ಪ ತಂತಿಯನ್ನು ಮೂರು ಮನೆ ಸಡಿಲ ಮಾಡಿದೆ. ಅದು ಹಳೆಯ ಮಂಚದ ನವಾರಿನಂತೆ ಜೋತುಬಿದ್ದು, ಮೀಟಿದಾಗಲೆಲ್ಲ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಬಡಿದು ಕಟಕಟ ಎಂದಿತು.

ಅಂಗಡಿಯವನಿಗೆ ಇದು ಹಬ್ಬವೇ ಆಯಿತು. ಐದು ತಂತಿಯದು ತಗೊಳ್ಳಿ ಎಂದ. ಅದರ ದಪ್ಪ ತಂತಿ ಕರಿ ಒಂದನ್ನೂ ದಾಟಿ ಕೆಳಗಿನ ಬಿಳಿ ಏಳಕ್ಕೆ ನಿಲ್ಲುತ್ತದೆ, ಹಳೆಯದನ್ನು ವಾಪಸ್ ತಗೊಳ್ಳುತ್ತೇನೆ ಎಂದ. ಆದರೆ ಈ ಕತ್ತು ನನ್ನ ಕೈಗೆ ಕೂತಿತ್ತು. ಈ ಪಟ್ಟಿ ನನ್ನ ಹೆಗಲಿಗೆ ಕೂತಿತ್ತು. ಮೂರು ಮನೆ ಕಡಿಮೆ ಬಿದ್ದವೆಂದು ಯಾರಾದರೂ ಮನೆಯನ್ನೇ ಬದಲಿಸುತ್ತಾರೆಯೇ? ಐದು ತಂತಿಯ ಸೆಟ್ಟನ್ನಷ್ಟೇ ಕೊಡು ಎಂದೆ. ನಿಮ್ಮದಕ್ಕೆ ತಂತಿ ಬಿಗಿಯುವ ಕಿವಿ ನಾಲ್ಕೇ ಇವೆಯಲ್ಲ ಎಂದ. ಗೊತ್ತು, ತೆಳುವಾದದ್ದನ್ನು ಬಿಡುತ್ತೇನೆ ಎಂದೆ. ಚಟಪಟ ಆಟ ಆಡುವ ತಂತಿಯನ್ನೇ ಬಿಡುವ ಗಿರಾಕಿಯನ್ನು ಅವನು ನೋಡಿರಲಿಲ್ಲ. ಹಾಗೆ ಮಾಡಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸಿದ. ಹೋಗಲಿ ಎಂದೆ.

ಹೊಸ ದಪ್ಪ ತಂತಿ ಬೆರಳಿನಷ್ಟು ಅಲ್ಲದಿದ್ದರೂ ಬಾಲ್‌ಪೆನ್ನಿನ ಕಡ್ಡಿಗಿಂತ ದಪ್ಪ. ಕತ್ತಿನ ತುದಿಯಲ್ಲಿ ತಂತಿಗಳು ಕೂರಲು ಗೀರು ಕೊರೆದ ಒಂದು ಸಣ್ಣ ಬಿಳಿ ಪಟ್ಟಿ ಇರುತ್ತದೆ. ಆ ಗೀರಿನಲ್ಲಿ ಇದು ಇಳಿಯಲೊಲ್ಲದು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹೊರಗೆ ಕೊಡೆ ಬಿಚ್ಚಿಕೊಂಡು ಕೂರುವ ಕೀಲಿ ಮಾಡುವ ಮುದುಕರೊಬ್ಬರಿದ್ದಾರೆ. ನನ್ನ ಟ್ರಂಕಿನ ಕೀಲಿ ಮಾಡಿಕೊಟ್ಟವರೂ ಅವರೇ. ಡ್ಯೂಟಿ ಮುಗಿಸಿ ಬೇಸನ್ನು ಅವರ ಮುಂದೆ ಮಲಗಿಸಿದೆ. "ಇದು ಯಾವ ಬೀಗ ರೀ ಅಕ್ಕಾರ?" ಎಂದರು. ಏನು ಬೇಕೆಂದು ಹೇಳಿದೆ. ತೆಳ್ಳನೆಯ ದುಂಡು ಅರ ತಗೊಂಡು, ಎರಡು ಸಲ ತಿಕ್ಕುವುದು, ಊದುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎರಡು ಸಲ ತಿಕ್ಕುವುದು, ಹೀಗೆ ಅರ್ಧ ತಾಸು ಮಾಡಿದರು. "ಒಮ್ಮೆಲೇ ತಿಕ್ಕಿದ್ರ ತಂತಿ ಒಳಗ ಅಳ್ಳಾಡತೈತ್ರಿ. ಬೀಗದಾಗೂ ಹಂಗಽ," ಎಂದರು. ಕೊನೆಗೆ ತಂತಿ ಅದರ ಗೀರಿಗೆ ಇಳಿದು ಕೂತಾಗ ಕೊಡೆಯ ಕೆಳಗಿಂದಲೇ ಮೀಟಿದೆ. ಆಂಪ್ಲಿಫೈಯರ್ ಇಲ್ಲದೆಯೂ ಅವರ ತಗಡಿನ ಪೆಟ್ಟಿಗೆಯೊಳಗಿನ ಕೀಲಿಗಳು ಜುಂ ಎಂದವು. ಮುದುಕರು ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ, "ಇನ್ನೊಮ್ಮಿ ಹೊಡೀರಿ," ಎಂದರು.

ಉಳಿದ ತೆಳು ತಂತಿಯನ್ನು ನನ್ನ ಗಂಡ ಹೀರೇಬಳ್ಳಿ ಕಟ್ಟಲು ಒಯ್ದ. ಬಳ್ಳಿ ಚೆನ್ನಾಗಿ ಹಬ್ಬಿತು.

ಶ್ರಾವಣದ ಮೊದಲ ಸೋಮವಾರ ಡ್ಯೂಟಿ ಬದಲಿಸಿಕೊಂಡು ಹೋದೆ. ಪಡಸಾಲೆ ತುಂಬಿತ್ತು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ನೆಲದ ಮೇಲಿಟ್ಟು, ಮಾವನವರ ಎಡಕ್ಕೆ ಕೂತೆ. ತಾಳವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಮಾವ ಕರಿ ಒಂದು ಒತ್ತಿದರು. ನಾನು ಅದರ ತಳದ ಕರಿ ಒಂದು ಕೊಟ್ಟೆ. ಕೂತವರೆಲ್ಲ ಒಮ್ಮೆ ನೆಲ ನೋಡಿಕೊಂಡರು. ಮಾವ ಪದ ಎತ್ತಿಕೊಂಡರು.

ಪಕ್ಕದಲ್ಲೇ ಕೂತಿದ್ದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಎರಡು ವರ್ಷದಿಂದ ಕೇಳಿಸುತ್ತಲೇ ಇತ್ತು. ಮೇಲಿನ ಸಾಲು ಬಂದಾಗ ಮಾವ ಕೈಯೆತ್ತಿ ಎಲ್ಲರೂ ಹಾಡಿ ಎಂದು ಸನ್ನೆ ಮಾಡಿ, ತಾವು ಬಾಯಿ ಮಾತ್ರ ಆಡಿಸುತ್ತಿದ್ದರು. ದನಿ ಏರದ ತಪ್ಪನ್ನು ಮೊದಲು ಮಜ್ಜಿಗೆಯ ಮೇಲೆ ಹಾಕಿದರು, ಆಮೇಲೆ ಥಂಡಿಯ ಮೇಲೆ, ಆಮೇಲೆ ತಬಲಾದವನ ಮೇಲೆ. ತವಂದಿ ಘಾಟಿನಲ್ಲಿ ಮೇಲಿನ ಗೇರಿನಲ್ಲೇ ಬಸ್ಸು ಹತ್ತಿಸುವ ಡ್ರೈವರಿಗೆ ಹೇಳುವ ಹಾಗೆ, ಗೇರ್ ಇಳಿಸ್ರಿ ಎಂದು ಹೇಳಬೇಕೆನ್ನಿಸುತ್ತಿತ್ತು. ಸೊಸೆಯಾಗಿ ಅದನ್ನು ಹೇಳುವುದು ಹೇಗೆ?

ಎರಡನೇ ಪದದಲ್ಲಿ ಅವರು ಸನ್ನೆ ಮಾಡುವುದನ್ನು ಮರೆತರು. ದನಿ ಮೇಲಕ್ಕೆ ಹೋಗಿ ಸೀಳಿತು. ತಬಲಾ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮಾವ ಹಾರ್ಮೋನಿಯಂ ಮೇಲೆ ಕೈ ಸವರುತ್ತ ಕೇಳಿದರು. "ಬಿಳಿ ಏಳು ಐತೇನು ಅದರಾಗ?"

"ಐತ್ರಿ."

"ಹಂಗಾರ ಎಲ್ಲಾರೂ ಕೇಳ್ರಿ. ಈಕಿ ತಂತಿ ಸಲುವಾಗಿ ಇವತ್ತಿಂದ ಎರಡು ಮನಿ ಇಳಸೂಣು. ಹೊಸಾ ವಾದ್ಯ, ಅದಕ್ಕ ತೆಳಗಽ ಅನುಕೂಲ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದ್ದರೆ ನನ್ನ ಜಾಗ ಗಟ್ಟಿಯಾಗುತ್ತಿತ್ತು. ಮಾವನವರ ಮಾನವೂ ಉಳಿಯುತ್ತಿತ್ತು. ಆದರೆ ಮೂರು ಮನೆ ಇಳಿಯಲು ನಾನು ಪಟ್ಟ ಪಾಡು ನನಗೆ ಗೊತ್ತು. ಹೊಸ ವಾದ್ಯಕ್ಕೆ ಆಗಲಿಲ್ಲ, ಅದಕ್ಕೇ ಇಳಿಸಿದೆವು ಎಂದು ನಾಳೆ ಊರೆಲ್ಲ ಹೇಳುತ್ತದೆ. ಬಾಯಿ ಬಿಟ್ಟೆ.

"ಮಾವಾರ, ನನ್ನ ತಂತಿ ಸಲುವಾಗಿ ಇಳಸಬ್ಯಾಡ್ರಿ. ನೀವು ಕರಿ ಒಂದು ಕೇಳಿದ್ರಿ, ನಾ ತಂದೀನಿ. ಎಷ್ಟ ಹೊತ್ತ ಬೇಕ ಅಷ್ಟ ಹೊತ್ತ ಕೊಡ್ತೀನಿ."

ಹೇಳಿ, ಕರಿ ಒಂದು ಮೀಟಿ ಬೆರಳು ಒತ್ತಿ ಹಿಡಿದೆ. ಅದು ಪಡಸಾಲೆಯ ಹಾಸುಗಲ್ಲಿನಲ್ಲಿ ಹರಿಯಿತು. ಮಾವ ಎದ್ದು ಹೋಗುತ್ತಾರೆ, ನನ್ನನ್ನು ಎಬ್ಬಿಸುತ್ತಾರೆ, ಇನ್ನು ಈ ಹೊಸ್ತಿಲು ತುಳಿಯುವ ಹಾಗಿಲ್ಲ, ಹೀಗೆಲ್ಲ ಅನ್ನಿಸಿತು. ಬೆರಳು ಮಾತ್ರ ತೆಗೆಯಲಿಲ್ಲ. ಅವರು ತಲೆ ಬಗ್ಗಿಸಿ, ಸದ್ದು ಪೂರ್ತಿ ಸಾಯುವ ತನಕ ಕೇಳಿದರು.

"ಖರೇನಽ ಐತಿ," ಎಂದರು. ಆಮೇಲೆ ತಲೆಯೆತ್ತಿ ಎಲ್ಲರ ಕಡೆ ನೋಡಿದರು. "ಆಕಿ ತಂತಿ ಸಲುವಾಗಿ ಅಲ್ಲ. ನನ್ನ ಗಂಟಲಕ್ಕ ಕರಿ ಒಂದು ಆಗವಲ್ದು. ಎರಡು ವರ್ಷ ಆತು."

ಪಡಸಾಲೆಯಲ್ಲಿ ಒಬ್ಬರೂ ನಗಲಿಲ್ಲ.

"ಕೊಡವಾ ಬಿಳಿ ಏಳು," ಎಂದರು ನನಗೆ.

ಬೆರಳು ತೆಗೆದು ಖಾಲಿ ತಂತಿ ಮೀಟಿದೆ. ಹಾರ್ಮೋನಿಯಂ ಅದರ ಹಿಂದೆ ಬಂತು.