ಕೇಕಿನೊಳಗಿನ ಗೊಂಬೆ

ಮಿನೆಸೋಟದಲ್ಲಿ ಹಿಮ ಬಿದ್ದ ಕೂಡಲೇ ನಿವೃತ್ತ ಪೋಸ್ಟ್‌ಮ್ಯಾನ್ ವರ್ಲಿನ್, ಹೆಂಡತಿ ಆರ್ಡಿಸಳನ್ನೂ ಅರ್ಧ ಮನೆಯನ್ನೂ ವ್ಯಾನಿಗೆ ತುಂಬಿಕೊಂಡು ದಕ್ಷಿಣಕ್ಕೆ ಹೊರಡುತ್ತಾನೆ. ಕಾರ್ನಿವಲ್ ಹಬ್ಬದ ಹೊತ್ತಿಗೆ ಲೂಸಿಯಾನಾದ ಹಳೆಯ ಗೆಳತಿ ಓಡೀಲಳ ಅಂಗಳದಲ್ಲಿ ನಿಂತು, ಮನೆ ಹೊತ್ತು ತಿರುಗುವ ಬಸವನಹುಳುವಿಗಾದರೂ ನಾಚಿಕೆ ಇರುತ್ತದೆ, ತನಗಿಲ್ಲ ಎಂದು ತಾನೇ ಒಪ್ಪಿಕೊಳ್ಳುತ್ತಾ ಅವಳ ಮನೆಯ ಕರೆಂಟಿಗೆ ವ್ಯಾನಿನ ವೈರು ಚುಚ್ಚುತ್ತಾನೆ. "ಎರಡೇ ದಿನ ಕಣಮ್ಮ!" ಅಲ್ಲಿನ ರೂಢಿಯಂತೆ, ಅವಳು ವಾರವಾರ ಮಾಡುವ ಹಬ್ಬದ ಕೇಕಿನ ತುಂಡಿನಲ್ಲಿ ಪುಟ್ಟ ಗೊಂಬೆ ಸಿಕ್ಕವರು ಮುಂದಿನ ವಾರ ಎಲ್ಲರಿಗೂ ಪಾರ್ಟಿ ಕೊಡಬೇಕು. ಪ್ರತಿ ವಾರವೂ ಅದು ಇವನಿಗೇ ಸಿಗುತ್ತದೆ. "ಅಯ್ಯೋ, ಇನ್ನೊಂದು ವಾರ ಇರ್ಬೇಕಾಯ್ತಲ್ಲ!" ಎಂದು ಗೋಳಾಡಿದರೆ ಆರ್ಡಿಸ್ "ಪಾಪ!" ಎನ್ನುತ್ತಾಳೆ. ಗೊಂಬೆಯನ್ನು ಊರಿಂದಲೇ ಜೇಬಿನಲ್ಲಿ ತಂದು ತನ್ನ ತುಂಡಿಗೆ ತುರುಕುವ ಜಾಣತನಕ್ಕೆ ಅವನು ತಾನೇ ಬೆನ್ನು ತಟ್ಟಿಕೊಳ್ಳುತ್ತಾನೆ. ಈ ಸಲ ಹೊರಡುವಾಗ ಓಡೀಲ್ ಮೆಲ್ಲಗೆ ಹೇಳಿದಳು: "ನಮ್ಮೆಜಮಾನ್ರು ಹೋದ್ಮೇಲೆ ನಾನು ಕೇಕಿಗೆ ಗೊಂಬೆ ಹಾಕೇ ಇಲ್ಲಪ್ಪ. ಮುಂದಿನ್ ವರ್ಷಾನೂ ನಿಂದೇ ತಗೊಂಡ್ ಬಾ."