ಎಳ್ಳಿನ ಗೆರೆ

ನನ್ನ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹನ್ನೊಂದನೆಯ ಕ್ಲಾಸಿನಲ್ಲಿ ಹಟ ಹಿಡಿದು ಎಕನಾಮಿಕ್ಸ್ ತೆಗೆದುಕೊಂಡಳು. ಗ್ರಾಫಿನ ಪಾಠಗಳು ಬಂದಾಗ ಟೀಚರ್ ಕೈಚೆಲ್ಲಿ, ಸಂಗೀತಕ್ಕೆ ಬದಲಾಯಿಸಿಬಿಡಿ ಎಂದರು. ಕಣ್ಣು ಕಾಣದವರೆಲ್ಲ ಹಾಡಲೇಬೇಕೆಂದು ಯಾರು ಕಟ್ಟಳೆ ಮಾಡಿದರೋ! ಇವಳು ಹಾಡಿದರೆ ಪಕ್ಕದ ಕ್ವಾರ್ಟರ್ಸ್‌ನವರು ಕಿಟಕಿ ಹಾಕಿಕೊಳ್ಳುತ್ತಾರೆ.

ನಾವು ಧಾರವಾಡದವರು, ಇರುವುದು ವಡೋದರಾ ಹತ್ತಿರದ ಕೊಯಾಲಿಯ ರಿಫೈನರಿ ಕಾಲೊನಿಯಲ್ಲಿ. ಆಗ ಸಂಕ್ರಾಂತಿಯ ಸಮಯ. ಬೆರಳಿಗೆ ಸಿಗುವ ಗ್ರಾಫ್ ಮಾಡೋಣವೆಂದು ಗಾಳಿಪಟದ ದಾರವನ್ನು ರಟ್ಟಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಬಿಗಿದು, ತಿಂಗಳಿಗೊಂದು ಗಂಟು ಹಾಕಿದೆ. ಈರುಳ್ಳಿ ಬೆಲೆ ಏರಿಳಿಯುವ ಗೆರೆಗೆ ಗೋಂದು ನಿಲ್ಲಲಿಲ್ಲ. ಒಲೆಯ ಮೇಲೆ ಬೆಲ್ಲದ ಪಾಕವಿತ್ತು. ಅದನ್ನೇ ಎಳೆದು, ಮೇಲೆ ಎಳ್ಳು ಉದುರಿಸಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು, ನಾನೂ ಬೀಗಿದೆ. ಅವಳು ಬೆರಳಾಡಿಸುವಳು, ನಾನು ಬಾಯಲ್ಲಿ ಹೇಳುವೆ. ಒಂದು ವಾರ ಇದೇ ನಮ್ಮ ಆಟ.

ಮಗಳಿಂದ ವಿಷಯ ತಿಳಿದು ಭಾನುವಾರ ಟೀಚರ್ ಅದನ್ನು ನೋಡಲು ಮನೆಗೇ ಬಂದರು. ಒಳ್ಳೆಯ ಹೆಂಗಸು, ಆದರೆ ಅನುಮಾನ ಬಿಡಲಿಲ್ಲ. "ನೀವು ಹೇಳಿದ್ದನ್ನು ಬಾಯಿಪಾಠ ಒಪ್ಪಿಸಿದರೆ ಅದು ಓದಿದ ಹಾಗಲ್ಲ, ಬೆನ್" ಎಂದರು. ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ. ಅಂದು ಅವರು ಒಪ್ಪದಿದ್ದರೆ ಎಕನಾಮಿಕ್ಸ್ ಮುಗಿದಂತೆಯೇ. ನಾನು ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಶುರುಮಾಡಿದೆ: ಜೂನ್ ದಾಟಿತು, ಬೆಲೆ ಏರಿತು, ಇನ್ನೂ ಏರಿತು...

ಮಗಳ ಬೆರಳು ನಿಂತೇಬಿಟ್ಟಿತು. "ಅಮ್ಮಾ, ಸುಳ್ಳ್ಯಾಕ ಹೇಳ್ತಿ? ಇಲ್ಲೆ ಗೆರೀನ ಇಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. "ಸರೀ ಮುಟ್ಟಿ ನೋಡ."

"ಮುಟ್ಟೇ ಹೇಳಾಕತ್ತೀನಿ. ಜೂನ್ ಆದಮ್ಯಾಲೆ ಖಾಲಿ. ಆಮ್ಯಾಲೆ ಸೀದಾ ಅಕ್ಟೋಬರ್."

ಏನಂತಾಳೆ ಎಂದು ಟೀಚರ್ ಕೇಳಿದರು. ಬೇರೆ ದಾರಿಯಿಲ್ಲದೆ ಹಿಂದಿಯಲ್ಲಿ ಹೇಳಿದೆ. ಇಬ್ಬರೂ ಬಗ್ಗಿ ನೋಡಿದೆವು. ರಟ್ಟಿನ ಅಂಚಿನಲ್ಲಿ ಇರುವೆಗಳು ಸಾಲುಗಟ್ಟಿ ಎಳ್ಳು ಹೊತ್ತುಕೊಂಡು ಹೋಗುತ್ತಿದ್ದವು. ಮಳೆಗಾಲದ ಬೆಲೆಯನ್ನು ಪೂರ್ತಿ ತಿಂದು ಮುಗಿಸಿದ್ದವು. ಬೆಲ್ಲ ಬಳಿದು ರಟ್ಟನ್ನು ಕಿಟಕಿಯ ಪಕ್ಕದಲ್ಲಿಟ್ಟ ನನ್ನ ಬುದ್ಧಿಗೆ ಏನೆನ್ನಬೇಕು!

ಟೀಚರ್ ನಗಲಿಲ್ಲ. "ಹಾಗಾದರೆ ಅಲ್ಲಿ ಬೆಲೆ ಎಷ್ಟಿರಬಹುದು, ಬೇಟಾ?" ಎಂದರು.

"ಹೇಳೋಕಾಗಲ್ಲ ಮ್ಯಾಡಮ್," ಮಗಳು ಹಿಂದಿಯಲ್ಲೇ ಹೇಳಿದಳು. "ಗೆರೆ ಇಲ್ಲದ ಕಡೆ ಸುಮ್ಮನೆ ಊಹಿಸಬಾರದು ಅಂತ ಕ್ಲಾಸಿನಲ್ಲಿ ನೀವೇ ಹೇಳಿದ್ದು."

ಟೀಚರ್ ಅವಳ ತಲೆ ಸವರಿ, ಮುಂದಿನ ಗ್ರಾಫನ್ನು ತಾವೇ ಮಾಡಿ ತರುತ್ತೇನೆ ಎಂದರು. ಚಹಾ ಮಾಡುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತೆ. ತಿರುಗಿ ಬಂದಾಗ ಮಗಳು ಡಿಸೆಂಬರಿನ ಬೆಲ್ಲವನ್ನು ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಸಂಗೀತದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.